ಗ್ಲೋರಿಯ: ಹಾಡುವ ಕಾಲ, ಹಾಡದ ಕಾಲ

ಭಾನುವಾರದ ಬಲಿಪೂಜೆಯಲ್ಲಿ ತಪ್ಪೊಪ್ಪಿಗೆಯ ಪ್ರಾರ್ಥನೆಯೂ ದಯೆ ಬೇಡುವ ಮೊರೆಯೂ ಮುಗಿದ ಕೂಡಲೇ ಸಭೆ ನಿಂತು ಹಾಡುವ ಸ್ತುತಿಗೀತೆಯೇ ಗ್ಲೋರಿಯ. ಕನ್ನಡದ ಕಥೋಲಿಕರು ಇದನ್ನು ಮಹಿಮಾಗೀತೆ ಎಂದೂ ಕರೆಯುತ್ತಾರೆ. ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ದೇವಾಲಯಗಳಲ್ಲಿ ಕನ್ನಡದ ಪೂಜೆಯಾದರೂ ಕೊಂಕಣಿಯ ಪೂಜೆಯಾದರೂ ಇದರ ಸ್ಥಾನ ಅದೇ. ಇದಾದ ಮೇಲೆ ಗುರುಗಳು ಆ ದಿನದ ಪ್ರಾರ್ಥನೆ ಹೇಳುತ್ತಾರೆ, ಜನ ಕುಳಿತು ಬೈಬಲಿನ ಪಾಠ ಕೇಳುತ್ತಾರೆ. ಪೂಜೆಯ ಉಳಿದ ಹಾಡುಗಳಲ್ಲಿ ಹಲವು ಬದಲಾಗುತ್ತವೆ. ಪ್ರವೇಶಕ್ಕೆ ಒಂದು ವಾರ ಒಂದು ಹಾಡು, ಮರುವಾರ ಇನ್ನೊಂದು. ಕಾಣಿಕೆಯ ಹಾಡನ್ನೂ ಪರಮಪ್ರಸಾದದ ಹಾಡನ್ನೂ ಗಾನವೃಂದವೇ ಆರಿಸಿಕೊಳ್ಳಬಹುದು. ಗ್ಲೋರಿಯಕ್ಕೆ ಆ ಸ್ವಾತಂತ್ರ್ಯವಿಲ್ಲ. ರಾಗ ಬೇರೆಯಾಗಬಹುದು, ಸಾಹಿತ್ಯ ಬದಲಾಗುವಂತಿಲ್ಲ; ಅದರ ಜಾಗದಲ್ಲಿ ಬೇರೆ ಹಾಡು ಹಾಕುವಂತಿಲ್ಲ ಎಂದು ರೋಮನ್ ಪೂಜಾಗ್ರಂಥದ ಸಾಮಾನ್ಯ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ.

ಇಷ್ಟು ಬಿಗಿಯಾದ ಕಾವಲಿಗೆ ಕಾರಣ ಅದರ ವಯಸ್ಸು. ಗೀತೆಯ ಮೊದಲ ಮಾತು ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದ್ದು. ಬೆತ್ಲೆಹೇಮಿನ ಹೊರಗೆ ರಾತ್ರಿ ಕುರಿಮಂದೆ ಕಾಯುತ್ತಿದ್ದವರಿಗೆ ದೇವದೂತರ ಗಣ ಹಾಡಿದ್ದು ಅದನ್ನು. ಅದಕ್ಕೇ ಇದಕ್ಕೆ ದೂತಗೀತೆ ಎಂಬ ಹೆಸರೂ ಬಂದಿದೆ. ದೂತರ ಮಾತು ಅಲ್ಲಿಗೆ ಮುಗಿಯುತ್ತದೆ; ಅದನ್ನು ಹಿಡಿದು ಮುಂದುವರಿಸಿದವರು ಮನುಷ್ಯರು. ಮೊದಲ ಶತಮಾನಗಳ ಕ್ರೈಸ್ತರು ಯೆಹೂದ್ಯರಿಂದ ಬಂದ ದಾವೀದನ ಕೀರ್ತನೆಗಳನ್ನು ಹಾಡುತ್ತಿದ್ದರು. ಜೊತೆಗೆ ಅದೇ ಧಾಟಿಯಲ್ಲಿ, ಛಂದಸ್ಸಿನ ಕಟ್ಟಿಲ್ಲದ ಗದ್ಯಲಯದಲ್ಲಿ, ತಮ್ಮದೇ ಸ್ತುತಿಗಳನ್ನೂ ಕಟ್ಟಿಕೊಂಡರು. ಅಂಥವುಗಳಲ್ಲಿ ಬಹುಪಾಲು ಅಳಿದುಹೋದವು. ಸಂಜೆ ದೀಪ ಹಚ್ಚುವಾಗ ಹಾಡುವ ಗ್ರೀಕ್ ಗೀತೆಯೊಂದು, 'ತೆ ದೇಉಮ್' ಎಂಬ ಲ್ಯಾಟಿನ್ ಸ್ತುತಿ, ಗ್ಲೋರಿಯ ಇವು ಉಳಿದುಕೊಂಡ ಕೆಲವೇ ಕೆಲವು.

ಗ್ಲೋರಿಯ ಹುಟ್ಟಿದ್ದು ಗ್ರೀಕ್ ಭಾಷೆಯಲ್ಲಿ, ಪೂರ್ವದ ಸಭೆಗಳಲ್ಲಿ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಿರಿಯಾದಲ್ಲಿ ಸಂಕಲನವಾದ 'ಪ್ರೇಷಿತರ ಸಂವಿಧಾನ' ಎಂಬ ಗ್ರಂಥದ ಏಳನೆಯ ಭಾಗದಲ್ಲಿ ಅದರ ಒಂದು ಪಾಠ ಸಿಗುತ್ತದೆ. ಐದನೆಯ ಶತಮಾನದ ಪ್ರಸಿದ್ಧ ಗ್ರೀಕ್ ಬೈಬಲ್ ಹಸ್ತಪ್ರತಿ 'ಕೋಡೆಕ್ಸ್ ಅಲೆಕ್ಸಾಂಡ್ರಿನಸ್'ನಲ್ಲಿಯೂ ಕೀರ್ತನೆಗಳ ನಂತರ ಅದು ಬರುತ್ತದೆ. ಎರಡರಲ್ಲಿಯೂ ಅದು ಬೆಳಗಿನ ಪ್ರಾರ್ಥನೆ. ಈಗಲೂ ಗ್ರೀಕ್ ಪರಂಪರೆಯ ಆರ್ಥೊಡಾಕ್ಸ್ ಸಭೆಗಳು ಇದನ್ನು ಹಾಡುವುದು ಪರಮಪ್ರಸಾದದ ಆರಾಧನೆಯಲ್ಲಲ್ಲ, ಮುಂಜಾನೆಯ ಪ್ರಾರ್ಥನೆಯ ಕೊನೆಗೆ. ಅಂದರೆ ಇಂದು ಪೂಜೆಯ ಭಾಗವೆಂದೇ ಎಲ್ಲರೂ ತಿಳಿದಿರುವ ಗೀತೆ ಮೂಲದಲ್ಲಿ ಹೊಸ ದಿನವನ್ನು ಎದುರುಗೊಳ್ಳುವ ಹಾಡು. ಅದರ ಲವಲವಿಕೆಗೂ ಆತುರಕ್ಕೂ ಕಾರಣವನ್ನು ಅಲ್ಲಿ ಹುಡುಕಬಹುದು.

ಲ್ಯಾಟಿನ್‌ಗೆ ಇದನ್ನು ತಂದವರು ಪ್ವಾತಿಯೆಯ ಧರ್ಮಾಧ್ಯಕ್ಷ ಸಂತ ಹಿಲರಿ ಎಂಬುದು ಹಳೆಯ ನಂಬಿಕೆ. ಅವರು 356ರಿಂದ 360ರವರೆಗೆ ಪೂರ್ವದಲ್ಲಿ ಗಡೀಪಾರಾಗಿದ್ದರು. ಅಲ್ಲಿ ಕೇಳಿದ್ದನ್ನು ಪಶ್ಚಿಮಕ್ಕೆ ಒಯ್ದರೆಂಬ ಕಥೆ ಅಸಂಭವವೇನಲ್ಲ, ಆದರೆ ಅದಕ್ಕೆ ದಾಖಲೆಯಿಲ್ಲ. ಕೈಗೆ ಸಿಗುವ ಅತ್ಯಂತ ಹಳೆಯ ಲ್ಯಾಟಿನ್ ಪಾಠ ಐರ್ಲೆಂಡಿನ ಬ್ಯಾಂಗೋರ್ ಮಠದಲ್ಲಿ ಏಳನೆಯ ಶತಮಾನದ ಕೊನೆಗೆ ಬರೆದ ಹಸ್ತಪ್ರತಿಯಲ್ಲಿದೆ. ಆ ಪ್ರತಿ ಈಗ ಮಿಲಾನಿನ ಅಂಬ್ರೋಸಿಯನ್ ಗ್ರಂಥಾಲಯದಲ್ಲಿದೆ. ಆ ಪ್ರತಿಯಲ್ಲಿಯೂ ಗೀತೆ ಬೈಗು ಬೆಳಗಿನ ಪ್ರಾರ್ಥನೆಗೆ ಸೇರಿದ್ದು.

ಪೂಜೆಯೊಳಗೆ ಇದರ ಪ್ರವೇಶ ರೋಮಿನಲ್ಲಿ ನಿಧಾನವಾಗಿ ನಡೆಯಿತು. ಮೊದಲಿಗೆ ಕ್ರಿಸ್ತಜಯಂತಿಯ ರಾತ್ರಿಗಷ್ಟೇ ಇದು ಮೀಸಲಾಗಿತ್ತು. ದೂತರು ಹಾಡಿದ ರಾತ್ರಿಗೆ ದೂತರ ಹಾಡು ಸಹಜವಾಗಿಯೇ ಸಲ್ಲುತ್ತದೆ. 498ರಿಂದ 514ರವರೆಗೆ ಪೋಪರಾಗಿದ್ದ ಸಿಮ್ಮಾಕಸ್ ಅದನ್ನು ಭಾನುವಾರಗಳಿಗೂ ರಕ್ತಸಾಕ್ಷಿಗಳ ಹಬ್ಬಗಳಿಗೂ ವಿಸ್ತರಿಸಿದರು. ಆದರೆ ಅಪ್ಪಣೆ ಸಿಕ್ಕಿದ್ದು ಧರ್ಮಾಧ್ಯಕ್ಷರು ಅರ್ಪಿಸುವ ಪೂಜೆಗೆ ಮಾತ್ರ. ಸಾಮಾನ್ಯ ಗುರುಗಳಿಗೆ ಪಾಸ್ಖ ಹಬ್ಬದ ದಿನ ಮಾತ್ರ ಅದನ್ನು ಎತ್ತಿಕೊಳ್ಳುವ ಅವಕಾಶವಿತ್ತು. ಈ ಭೇದ ಅಳಿದು, ಎಲ್ಲ ಗುರುಗಳೂ ಎಲ್ಲ ಹಬ್ಬಗಳಲ್ಲೂ ಹಾಡುವಂತಾಗಲು ಹನ್ನೊಂದನೆಯ ಶತಮಾನ ಬರಬೇಕಾಯಿತು. ಮಧ್ಯಯುಗದ ಗಾಯಕರು ಸಾಲುಗಳ ನಡುವೆ ತಮ್ಮ ಮಾತುಗಳನ್ನು ತುರುಕಿ ಗೀತೆಯನ್ನು ಉದ್ದ ಮಾಡಿದರು. ಮರಿಯಮ್ಮನವರ ಹಬ್ಬಗಳಿಗೆಂದು ಸೇರಿಸಿದ ಸಾಲುಗಳಂತೂ ಬಲು ಜನಪ್ರಿಯವಾಗಿದ್ದವು. 1570ರಲ್ಲಿ ಐದನೆಯ ಪಿಯೂಸ್ ಹೊರಡಿಸಿದ ಪೂಜಾಗ್ರಂಥ ಅಂಥ ಸೇರ್ಪಡೆಗಳನ್ನೆಲ್ಲ ಕಿತ್ತುಹಾಕಿತು. ಇಂದು ಸಾಗರದಲ್ಲಿ ಹಾಡುವ ಕನ್ನಡ ಪಾಠ ಆ ಶುದ್ಧಗೊಂಡ ಲ್ಯಾಟಿನ್ ಪಾಠದ ಸಂತಾನ.

ಗೀತೆಯ ಒಳಗಿನ ಕಟ್ಟು ಸರಳವಾದದ್ದು. ಅದರಲ್ಲಿ ಮೂರು ಹಂತಗಳಿವೆ. ಮೊದಲನೆಯದು ದೂತರ ಹಾಡು: ಮೇಲೆ ದೇವರಿಗೆ ಮಹಿಮೆ, ಕೆಳಗೆ ಮನುಷ್ಯರಿಗೆ ಶಾಂತಿ. ಈ ಎರಡನ್ನು ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ ಒಂದು ತಿಳಿವಳಿಕೆಯಿದೆ. ಮಹಿಮೆಯೂ ಶಾಂತಿಯೂ ಪಾಲು ಮಾಡಿಕೊಳ್ಳುವ ಎರಡು ಸ್ವತ್ತುಗಳಲ್ಲ. ದೇವರಿಗೆ ಸಲ್ಲಬೇಕಾದದ್ದು ಸಂದಲ್ಲಿ ಮನುಷ್ಯರ ನಡುವೆ ಶಾಂತಿ ನೆಲೆಸುತ್ತದೆ ಎಂಬ ನಂಬಿಕೆ ಅದರ ಹಿಂದಿದೆ.

ಎರಡನೆಯ ಹಂತ ಪಿತನನ್ನು ಕುರಿತದ್ದು. ಹೊಗಳುವುದು, ಕೊಂಡಾಡುವುದು, ಆರಾಧಿಸುವುದು, ಮಹಿಮೆಪಡಿಸುವುದು, ಕೃತಜ್ಞತೆ ಸಲ್ಲಿಸುವುದು ಎಂಬ ಐದು ಕ್ರಿಯೆಗಳು ಬೆನ್ನುಬೆನ್ನಿಗೆ ಬರುತ್ತವೆ. ಇಲ್ಲಿ ವಾದವಿಲ್ಲ, ವಿವರಣೆಯಿಲ್ಲ, ಬೇಡಿಕೆಯೂ ಇಲ್ಲ. ಕೃತಜ್ಞತೆಗೆ ಕೊಡುವ ಕಾರಣ ಮಳೆ ಬೆಳೆಯೋ ಮಕ್ಕಳು ಮರಿಯೋ ಅಲ್ಲ. ದೇವರ ಮಹಿಮೆಯೇ ಕಾರಣ. ಕೊಟ್ಟದ್ದಕ್ಕಾಗಿ ನೆನೆಯುವುದು ಲೋಕದ ರೂಢಿ. ಇರುವುದಕ್ಕಾಗಿಯೇ ನೆನೆಯುವುದು ಈ ಗೀತೆಯ ರೀತಿ. ಕ್ರೈಸ್ತ ಪ್ರಾರ್ಥನೆಗಳಲ್ಲಿ ಬಹುಪಾಲು ಕೇಳುವ ಪ್ರಾರ್ಥನೆಗಳೇ ಆಗಿರುವುದರಿಂದ ಏನನ್ನೂ ಕೇಳದ ಈ ಭಾಗ ಎದ್ದು ಕಾಣುತ್ತದೆ.

ಮೂರನೆಯ ಹಂತ ಕ್ರಿಸ್ತನಿಗೆ ಸಂಬಂಧಿಸಿದ್ದು, ಅದೇ ಎಲ್ಲಕ್ಕಿಂತ ಉದ್ದ. ಒಡೆಯ, ಏಕೈಕ ಪುತ್ರ, ದೇವರ ಕುರಿಮರಿ ಎಂಬ ಬಿರುದುಗಳು ಸಾಲಾಗಿ ಬರುತ್ತವೆ. ಕುರಿಮರಿಯ ಹೆಸರು ಯೊವಾನ್ನನ ಶುಭಸಂದೇಶದಲ್ಲಿ ಸ್ನಾನಿಕ ಯೊವಾನ್ನ ಯೇಸುವನ್ನು ತೋರಿಸಿ ಹೇಳಿದ್ದು. ಹೊಗಳಿಕೆ ಏರುತ್ತ ಹೋಗಿ ಇದ್ದಕ್ಕಿದ್ದಂತೆ ಮೊರೆಯಾಗುವುದು ಇಲ್ಲಿಯೇ. ಲೋಕದ ಪಾಪ ಹೊರುವವನಿಗೆ, ಪಿತನ ಬಲಗಡೆ ಕುಳಿತವನಿಗೆ, ದಯೆ ತೋರು ಎಂಬ ಬಿನ್ನಹ ಎರಡು ಸಲ ಬರುತ್ತದೆ. ನುರಿತ ಗಾಯಕರು ಈ ಸಾಲುಗಳಲ್ಲಿ ಲಯವನ್ನು ತಗ್ಗಿಸುತ್ತಾರೆ. ಬಳಿಕ ಪವಿತ್ರನೂ ಒಡೆಯನೂ ಮಹೋನ್ನತನೂ ಕ್ರಿಸ್ತನೊಬ್ಬನೇ ಎಂಬ ಮೂರು ಘೋಷಣೆಗಳು. ರೋಮಿನ ಚಕ್ರವರ್ತಿಯನ್ನು ಒಡೆಯನೆಂದೂ ದೇವರೆಂದೂ ಪೂಜಿಸಬೇಕಿದ್ದ ಕಾಲದ ನೆನಪು ಮಾಸದಿದ್ದ ಜನ ಈ 'ಒಬ್ಬನೇ' ಎಂಬುದನ್ನು ಹಾಡಿದಾಗ ಅದಕ್ಕೆ ಎಷ್ಟು ತೂಕವಿದ್ದಿರಬೇಕೆಂದು ಊಹಿಸಬಹುದು. ಪವಿತ್ರಾತ್ಮನ ಹೆಸರು ಕೊನೆಯಲ್ಲಿ ಒಮ್ಮೆ ಬಂದು ತ್ರಿತ್ವದ ಸ್ತುತಿ ಪೂರ್ತಿಯಾಗುತ್ತದೆ.

ಈ ಗೀತೆ ಮಲೆನಾಡಿಗೆ ಬಂದದ್ದು ಕರಾವಳಿಯಿಂದ ಘಟ್ಟ ಹತ್ತಿ. ಕೆಳದಿ ಅರಸರ ರಾಜಧಾನಿಗಳಾದ ಕೆಳದಿಯೂ ಇಕ್ಕೇರಿಯೂ ಸಾಗರ ತಾಲ್ಲೂಕಿನಲ್ಲಿವೆ. ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಅವರ ಕವಲೇದುರ್ಗದ ಕೋಟೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಗೋವೆಯ ಪೋರ್ಚುಗೀಸರಿಗೂ ಈ ಅರಸರಿಗೂ ಮೆಣಸಿನ ವ್ಯಾಪಾರದ ನಂಟೂ ಜಗಳವೂ ಎರಡೂ ಇದ್ದವು. 1623ರಲ್ಲಿ ವೆಂಕಟಪ್ಪ ನಾಯಕನ ಬಳಿಗೆ ಬಂದ ಪೋರ್ಚುಗೀಸ್ ರಾಯಭಾರದ ಜೊತೆ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಇಕ್ಕೇರಿಗೆ ಬಂದು, ಇಲ್ಲಿಂದಲೇ ಕಾಗದ ಬರೆದಿದ್ದಾನೆ. ಕೆಳದಿ ಚೆನ್ನಮ್ಮನ ಆಳ್ವಿಕೆಯಲ್ಲಿ ಪೋರ್ಚುಗೀಸರೊಡನೆ ಆದ 1678ರ ಒಪ್ಪಂದ ಮಿರ್ಜಾನ, ಹೊನ್ನಾವರ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಿಕೊಳ್ಳಲು ಅನುಮತಿ ಕೊಟ್ಟಿತು. ಹೀಗೆ ಬಿದನೂರಿನ ಆಡಳಿತಕ್ಕೆ ಒಳಪಟ್ಟ ಬಂದರುಗಳಲ್ಲಿ ಲ್ಯಾಟಿನ್ ಪೂಜೆ ಬೇರೂರಿತು. 1763ರಲ್ಲಿ ಬಿದನೂರು ಹೈದರಾಲಿಯ ಕೈಸೇರಿತು. 1784ರಲ್ಲಿ ಟಿಪ್ಪು ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅದು ನಡೆದದ್ದು ಬೂದಿ ಬುಧವಾರದಂದು, ಅಂದರೆ ಗ್ಲೋರಿಯ ಮೌನವಾಗುವ ತಪಸ್ಸುಕಾಲದ ಮೊದಲ ದಿನದಂದು ಎಂಬುದು ಆ ಸಮುದಾಯದ ನೆನಪು. 1799ರ ನಂತರ ಉಳಿದವರು ಊರುಗಳಿಗೆ ಮರಳಿದರು.

ಮಲೆನಾಡಿನ ಇಂದಿನ ಧರ್ಮಕೇಂದ್ರಗಳ ಜನ ಬೇರೆ ಬೇರೆ ಕಾಲದಲ್ಲಿ ಬಂದು ಸೇರಿದವರು. ದಕ್ಷಿಣ ಕನ್ನಡ, ಉತ್ತರ ಕನ್ನಡಗಳಿಂದ ತೋಟ ಗದ್ದೆಯ ಕೆಲಸಕ್ಕೂ ಮರಗೆಲಸಕ್ಕೂ ಕೊಂಕಣಿ ಮಾತಿನವರು ಬಂದರು. ಜೋಗದ ವಿದ್ಯುತ್ ಕೇಂದ್ರ 1948ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಸಿದ್ಧವಾದವು. ಆ ಕಾಮಗಾರಿಗಳಿಗೆ ತಮಿಳು, ಮಲಯಾಳ ಮಾತಿನವರೂ ಬಂದರು. ರಬ್ಬರು, ಶುಂಠಿ ಬೆಳೆಯುವ ಕೇರಳದ ಕುಟುಂಬಗಳು ಜೊತೆಗೂಡಿದವು. ಲ್ಯಾಟಿನ್ ಕ್ರಮದ ಶಿವಮೊಗ್ಗ ಧರ್ಮಪ್ರಾಂತ್ಯ 1988ರಲ್ಲಿ ಸ್ಥಾಪನೆಯಾಯಿತು. ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯ ಅದರ ಕೇಂದ್ರ. ಸಿರೋ-ಮಲಬಾರ್ ಕ್ರಮದವರಿಗೆ 2007ರಲ್ಲಿ ಭದ್ರಾವತಿ ಧರ್ಮಪ್ರಾಂತ್ಯವಾಯಿತು.

ಇದರ ಫಲವಾಗಿ ಒಂದೇ ಗೀತೆಯ ಹಲವು ಬಾಳುವೆಗಳನ್ನು ಈ ಸೀಮೆಯಲ್ಲಿ ಒಟ್ಟಿಗೆ ಕಾಣಬಹುದು. ಲ್ಯಾಟಿನ್ ಕ್ರಮದಲ್ಲಿ ಅದು ಪಶ್ಚಾತ್ತಾಪದ ನಂತರ, ಇಡಿಯಾಗಿ ಬರುತ್ತದೆ. ಸಿರೋ-ಮಲಬಾರ್ ಕುರ್ಬಾನದಲ್ಲಿ ದೂತರ ಮಾತು ಆರಾಧನೆಯ ಬಾಗಿಲಲ್ಲೇ ಇದೆ. ಅದನ್ನು ಮೂರು ಸಲ ಹಾಡಿ ಅಲ್ಲಿಂದ ಪ್ರಭುವಿನ ಪ್ರಾರ್ಥನೆಗೆ ಸಾಗುತ್ತಾರೆ, ಮುಂದಿನ ಉದ್ದದ ಸ್ತುತಿ ಅಲ್ಲಿಲ್ಲ. ತೀರ್ಥಹಳ್ಳಿಯಿಂದ ಘಟ್ಟ ಇಳಿದರೆ ಸಿಗುವ ಬ್ರಹ್ಮಾವರದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಲ್ವಾರಿಸ್ ಮಾರ್ ಜೂಲಿಯಸ್ ಅವರ ಮುಂದಾಳ್ತನದಲ್ಲಿ ಸಿರಿಯನ್ ಆರ್ಥೊಡಾಕ್ಸ್ ಸಭೆ ಸೇರಿದ ಕೊಂಕಣಿ ಕುಟುಂಬಗಳಿವೆ. ಅವರು ಅನುಸರಿಸುವ ಪಶ್ಚಿಮ ಸಿರಿಯಾಕ್ ಕ್ರಮದಲ್ಲಿ ಈ ಸ್ತುತಿ ದಿನದ ಯಾಮಗಳ ಪ್ರಾರ್ಥನೆಗೆ ಸೇರಿದ್ದು. ಗೀತೆಯ ಹಳೆಯ ಮನೆ ಅದೇ. ಪ್ರೊಟೆಸ್ಟಂಟರಲ್ಲಿ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕ ಇದನ್ನು ಪರಮಪ್ರಸಾದದ ನಂತರಕ್ಕೆ ಸರಿಸಿತ್ತು. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ ತನ್ನ ಆರಾಧನಾಕ್ರಮದಲ್ಲಿ ಮತ್ತೆ ಆರಂಭಕ್ಕೆ ತಂದಿತು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಪಾದ್ರಿ ಜೀವರತ್ನಯ್ಯ ತೀರ್ಥಹಳ್ಳಿ ಸೀಮೆಯ ಓದುಗರಿಗೆ ಚೆನ್ನಾಗಿ ಪರಿಚಿತ. ಅಂಥ ಉಪದೇಶಿಗಳ ಕೈಯಲ್ಲಿದ್ದದ್ದು ಮುಖ್ಯವಾಗಿ ಪ್ರಾಸಬದ್ಧ ಕೀರ್ತನೆಗಳ ಪುಸ್ತಕ. ಗದ್ಯಲಯದ ಪ್ರಾಚೀನ ಸ್ತುತಿಗೆ ಅಲ್ಲಿ ಜಾಗ ಕಡಿಮೆ.

ಗ್ಲೋರಿಯದ ಬಳಕೆಯಲ್ಲಿ ಅತ್ಯಂತ ಅರ್ಥಪೂರ್ಣವಾದದ್ದು ಅದನ್ನು ಹಾಡದಿರುವ ನಿಯಮ. ಲ್ಯಾಟಿನ್ ಕ್ರಮದಲ್ಲಿ ಭಾನುವಾರಗಳಿಗೂ ಮಹೋತ್ಸವಗಳಿಗೂ ಹಬ್ಬಗಳಿಗೂ ಅದು ಸಲ್ಲುತ್ತದೆ; ವಾರದ ಸಾಮಾನ್ಯ ದಿನಗಳಿಗೆ, ಸಂತರ ಬರಿಯ ಸ್ಮರಣೆಗಳಿಗೆ ಇಲ್ಲ. ಆಗಮನ ಕಾಲದ ಮತ್ತು ತಪಸ್ಸುಕಾಲದ ಭಾನುವಾರಗಳಿಗೂ ಇಲ್ಲ. ಸತ್ತವರ ಪೂಜೆಗೂ ಇಲ್ಲ. ಮದುವೆಯ ಪೂಜೆಗೆ, ಗುರುದೀಕ್ಷೆಗೆ, ಹೊಸ ದೇವಾಲಯದ ಪ್ರತಿಷ್ಠೆಗೆ ಉಂಟು. ಗೀತೆಯಿಲ್ಲದ ಭಾನುವಾರಗಳಲ್ಲಿ ಪೂಜೆ ಒಂದಿಷ್ಟು ಬೇಗ ಮುಗಿಯುವುದನ್ನು ಮಕ್ಕಳು ಗಮನಿಸುತ್ತಾರೆ, ದೊಡ್ಡವರು ಗಮನಿಸಿದರೂ ಹೇಳುವುದಿಲ್ಲ.

ಮಲೆನಾಡಿನ ಬೇಸಾಯದ ಪಂಚಾಂಗದ ಪಕ್ಕದಲ್ಲಿ ಇಟ್ಟರೆ ಈ ನಿಯಮ ಕಣ್ಣಿಗೆ ಕಟ್ಟುತ್ತದೆ. ನವೆಂಬರ್ ಕೊನೆಯ ಹೊತ್ತಿಗೆ ಅಡಿಕೆ ಕೊನೆ ಇಳಿಸುವ, ಸುಲಿಯುವ, ಬೇಯಿಸುವ ಕೆಲಸ ಬಿರುಸಾಗಿರುತ್ತದೆ. ಆಗಲೇ ಆಗಮನ ಕಾಲ ಶುರುವಾಗಿ ಗೀತೆ ನಿಲ್ಲುತ್ತದೆ. ನಡುವೆ ಡಿಸೆಂಬರ್ 8ರ ಮರಿಯಮ್ಮನವರ ಮಹೋತ್ಸವದಂಥ ದಿನಗಳಲ್ಲಷ್ಟೇ ಕೇಳಿಸುತ್ತದೆ. ಆಮೇಲೆ ಕ್ರಿಸ್ತಜಯಂತಿಯ ರಾತ್ರಿ, ಚಳಿಯಲ್ಲಿ ಶಾಲು ಹೊದ್ದು ಬಂದ ಜನರ ನಡುವೆ, ಅದು ತನ್ನ ಹುಟ್ಟಿನ ಕಥೆಯೊಂದಿಗೇ ಮರಳುತ್ತದೆ. ಗಂಟೆ ಬಾರಿಸುತ್ತಾರೆ, ಹಲವೆಡೆ ಗೋದಲಿಯ ಬಾಲಯೇಸುವಿನ ಮೇಲಿನ ಪರದೆ ಸರಿಯುವುದೂ ಅದೇ ಗಳಿಗೆಯಲ್ಲಿ. ಅಲ್ಲಿಂದ ಎಂಟು ದಿನ ಪ್ರತಿನಿತ್ಯವೂ ಗ್ಲೋರಿಯ ಇರುತ್ತದೆ.

ಬೂದಿ ಬುಧವಾರದಿಂದ ಇನ್ನೊಂದು, ಇನ್ನೂ ದೀರ್ಘವಾದ ಬಿಡುವು. ಆರು ವಾರಕ್ಕೂ ಮೀರಿದ ಆ ಅವಧಿಯಲ್ಲಿ ಮಾರ್ಚ್ 19ರ ಸಂತ ಜೋಸೆಫರ ಮಹೋತ್ಸವ, ಮಾರ್ಚ್ 25ರ ಮಂಗಳವಾರ್ತೆಯ ಮಹೋತ್ಸವ ಇವು ಮುಖ್ಯವಾಗಿ ಮೌನವನ್ನು ಮುರಿಯುತ್ತವೆ. ಪವಿತ್ರ ಗುರುವಾರದ ಸಂಜೆ ಗೀತೆ ಗಂಟೆಗಳ ಜೊತೆ ಒಮ್ಮೆ ಮೊಳಗಿ, ಗೀತೆಯ ಕೊನೆಗೆ ಗಂಟೆಗಳೂ ಬಾಯಿ ಮುಚ್ಚುತ್ತವೆ. ಶುಭ ಶುಕ್ರವಾರ ಗಂಟೆಯ ಬದಲು ಮರದ ಹಲಗೆಯ ಸಪ್ಪಳ. ಶನಿವಾರ ರಾತ್ರಿಯ ಪಾಸ್ಖ ಜಾಗರಣೆಯಲ್ಲಿ ಹಳೆಯ ಒಡಂಬಡಿಕೆಯ ಪಾಠಗಳು ಮುಗಿದ ಮೇಲೆ ಬಲಿಪೀಠದ ಮೇಣದ ಬತ್ತಿಗಳನ್ನು ಹಚ್ಚುತ್ತಾರೆ, ಗುರುಗಳು ಗ್ಲೋರಿಯ ಎತ್ತಿಕೊಳ್ಳುತ್ತಾರೆ, ಎರಡು ದಿನ ಸುಮ್ಮನಿದ್ದ ಗಂಟೆಗಳೆಲ್ಲ ಒಟ್ಟಿಗೆ ಮೊಳಗುತ್ತವೆ. ಉಪವಾಸವಿದ್ದವನ ಬಾಯಿಗೆ ಗಂಜಿಯೂ ಹಬ್ಬದೂಟವಾಗುವಂತೆ, ವಾರಗಟ್ಟಲೆ ಬಿಟ್ಟ ಹಾಡು ಆ ರಾತ್ರಿ ಹೊಸದಾಗಿ ಕೇಳಿಸುತ್ತದೆ. ಬಿಡುವಿನ ಉದ್ದೇಶವೂ ಅದೇ: ಹೊಗಳಿಕೆ ಅಭ್ಯಾಸವಾಗಿ ಸವೆಯಬಾರದು.

ಇನ್ನು ಸೆಪ್ಟೆಂಬರ್ 8, ಮರಿಯಮ್ಮನವರ ಜನ್ಮದಿನ. ಕೊಂಕಣಿ ಕಥೋಲಿಕರ ಮೊಂತಿ ಹಬ್ಬ ಅಥವಾ ತೆನೆ ಹಬ್ಬ ಅದು. ಒಂಬತ್ತು ದಿನ ಮಕ್ಕಳು ಹೂ ತಂದು ಅರ್ಪಿಸಿದ ಮೇಲೆ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ಹೊಸಕ್ಕಿಯ ಊಟ. ದಿನ ಯಾವ ವಾರಕ್ಕೇ ಬೀಳಲಿ, ಪಂಚಾಂಗದಲ್ಲಿ ಅದಕ್ಕೆ ಹಬ್ಬದ ದರ್ಜೆ ಇರುವುದರಿಂದ ಗ್ಲೋರಿಯ ಇದ್ದೇ ಇರುತ್ತದೆ. ಬೆಳೆಗಾಗಿ ಕೃತಜ್ಞತೆ ಸಲ್ಲಿಸುವ ಆ ದಿನದಲ್ಲಿಯೂ ಗೀತೆ ಬೆಳೆಯ ಮಾತೆತ್ತುವುದಿಲ್ಲ. ಅದು ಬೆಳೆ ಕೊಟ್ಟವನ ಮಹಿಮೆಯನ್ನಷ್ಟೇ ಹಾಡುತ್ತದೆ. ತೆನೆಯ ಮಾತು ಆಶೀರ್ವಾದದ ಪ್ರಾರ್ಥನೆಗೆ ಬಿಟ್ಟದ್ದು.

ಹಾಡುವ ರೀತಿಗೂ ಒಂದು ಇತಿಹಾಸವಿದೆ. ಲ್ಯಾಟಿನ್ ಪೂಜೆಯ ಕಾಲದಲ್ಲಿ ಒಂದೇ ಸ್ವರದ ಎಳೆಯಲ್ಲಿ ಸಾಗುವ ಗ್ರೆಗೋರಿಯನ್ ಗಾಯನ ರೂಢಿಯಲ್ಲಿತ್ತು. 'ಮಿಸ್ಸಾ ದೆ ಆಂಜೆಲಿಸ್' ಎಂಬ ಮಟ್ಟು ಲೋಕದೆಲ್ಲೆಡೆಯ ಧರ್ಮಕೇಂದ್ರಗಳ ಸಾಮಾನ್ಯ ಗಾನವೃಂದಗಳಿಗೂ ಬಾಯಿಪಾಠವಾಗಿತ್ತು. ಯೂರೋಪಿನ ದೊಡ್ಡ ಸಂಗೀತಗಾರರು ಇದೇ ಸಾಹಿತ್ಯವನ್ನು ಬೃಹತ್ ಕೃತಿಗಳನ್ನಾಗಿಸಿದರು. ಬಾಖ್‌ನ ಬಿ ಮೈನರ್ ಮಾಸ್‌ನಲ್ಲಿ ಇದು ಹಲವು ಭಾಗಗಳಾಗಿ ಹರಡಿಕೊಂಡಿದೆ. ವಿವಾಲ್ದಿ ವೆನಿಸ್ಸಿನ ಅನಾಥ ಹೆಣ್ಣುಮಕ್ಕಳ ಆಶ್ರಮಕ್ಕೆಂದು ರಚಿಸಿದ ಗ್ಲೋರಿಯಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಸಂಗೀತಕ್ಕಾಗಿ ಪೂಜೆ ಕಾಯಬಾರದು ಎಂದು ಹತ್ತನೆಯ ಪಿಯೂಸ್ 1903ರಲ್ಲಿ ಎಚ್ಚರಿಸಬೇಕಾಯಿತು.

ಜನರ ಭಾಷೆಗೆ ದಾರಿ ತೆರೆದದ್ದು ಎರಡನೆಯ ವ್ಯಾಟಿಕನ್ ಸಮ್ಮೇಳನದ 1963ರ ಡಿಸೆಂಬರ್ 4ರ ದೈವಾರಾಧನಾ ಸಂವಿಧಾನ. ಆ ಬಳಿಕ ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ಪೂಜೆ ನಡೆಯತೊಡಗಿತು. ಬೆಂಗಳೂರಿನಲ್ಲಿ 1967ರಲ್ಲಿ ಡಿ. ಎಸ್. ಅಮಲೋರ್‌ಪವದಾಸ್ ಅವರ ನೇತೃತ್ವದಲ್ಲಿ ಆರಂಭವಾದ ರಾಷ್ಟ್ರೀಯ ಧರ್ಮಾಧ್ಯಯನ ಕೇಂದ್ರ ಭಾರತೀಯ ರೀತಿಯ ಆರಾಧನೆಗೆ ಇಂಬು ಕೊಟ್ಟಿತು. ಕೈಮುಗಿಯುವುದು, ಎಣ್ಣೆಯ ದೀಪ, ಆರತಿ ಮೊದಲಾದ ಹನ್ನೆರಡು ಅಂಶಗಳಿಗೆ 1969ರಲ್ಲಿ ರೋಮಿನ ಒಪ್ಪಿಗೆ ಸಿಕ್ಕಿತು. ಹಾರ್ಮೋನಿಯಂ, ತಬಲಗಳೂ ಆಮೇಲೆ ಕೀಬೋರ್ಡೂ ಗ್ಲೋರಿಯದ ಜೊತೆಗಾರರಾದವು. ಛಂದಸ್ಸಿಲ್ಲದ ಸಾಹಿತ್ಯಕ್ಕೆ ತಾಳ ಕೂಡಿಸುವುದು ಸುಲಭವಲ್ಲ. ಅದಕ್ಕೆ ಕನ್ನಡ ಗಾನವೃಂದಗಳು ಕಂಡುಕೊಂಡ ಉಪಾಯ ದೂತರ ಮಾತನ್ನು ಪಲ್ಲವಿಯಾಗಿಸಿ ಉಳಿದದ್ದನ್ನು ಚರಣಗಳಾಗಿ ಹಂಚುವುದು. ಪಲ್ಲವಿಯನ್ನು ಎಲ್ಲರೂ ಹಿಡಿಯುತ್ತಾರೆ, ಚರಣ ಗಾಯಕರ ಪಾಲಾಗುತ್ತದೆ. ಇದರಿಂದ ಹಾಡು ಜನರ ಬಾಯಿಗೆ ಬಂತು. ಆದರೆ ಕಥನದಂತೆ ಒಂದರಿಂದ ಒಂದಕ್ಕೆ ಸಾಗುವ ಗೀತೆ ಹೆಜ್ಜೆಹೆಜ್ಜೆಗೂ ಹಿಂದಕ್ಕೆ ಬಂದು ನಿಲ್ಲುವಂತೆಯೂ ಆಯಿತು.

ಇದನ್ನು ಹೋಲುವ ಎರಡು ಸ್ತುತಿಗಳಿಂದ ಗ್ಲೋರಿಯವನ್ನು ಬೇರ್ಪಡಿಸಿ ನೋಡಬೇಕು. ಜಪಸರದ ಪ್ರತಿ ಹತ್ತು ಮಣಿಗಳ ಕೊನೆಗೆ ಮನೆಮನೆಯಲ್ಲಿ ಹೇಳುವ ಚಿಕ್ಕ ತ್ರಿತ್ವಸ್ತುತಿಯ ಲ್ಯಾಟಿನ್ ಹೆಸರೂ ಇದೇ ಪದದಿಂದ ಶುರುವಾಗುತ್ತದೆ. ಅದಕ್ಕೆ ಕಾಲದ ಕಟ್ಟಳೆಯಿಲ್ಲ, ತಪಸ್ಸುಕಾಲದಲ್ಲೂ ಹೇಳುತ್ತಾರೆ. 'ತೆ ದೇಉಮ್' ವಿಶೇಷ ಕೃತಜ್ಞತೆಯ ಗೀತೆ. ಡಿಸೆಂಬರ್ 31ರ ಸಂಜೆ ಮುಗಿದ ವರ್ಷಕ್ಕಾಗಿ ಹಾಡುವ ಸಂಪ್ರದಾಯವಿದೆ. ಗ್ಲೋರಿಯ ಮನೆಯ ನಿತ್ಯ ಜಪವೂ ಅಲ್ಲ, ವರ್ಷಕ್ಕೊಮ್ಮೆಯ ವಿಶೇಷವೂ ಅಲ್ಲ. ಅದು ಕೂಡಿದ ಸಭೆಯ ಹಾಡು. ಎತ್ತಿಕೊಡುವವರು ಗುರುಗಳಾಗಿರಬಹುದು, ಒಬ್ಬ ಗಾಯಕನಾಗಿರಬಹುದು, ಇಡೀ ಗಾನವೃಂದವಾಗಿರಬಹುದು, ಮುಂದುವರಿಸುವವರು ಸಾಮಾನ್ಯವಾಗಿ ಎಲ್ಲರೂ. ಹಾಡಲಾಗದಿದ್ದರೆ ಎಲ್ಲರೂ ಒಟ್ಟಾಗಿಯೋ ಎರಡು ಪಾಲಾಗಿ ಸರದಿಯಲ್ಲಿಯೋ ಹೇಳಬೇಕು ಎಂಬುದೂ ನಿಯಮದಲ್ಲಿದೆ. ಒಂದು ಕಾಲಕ್ಕೆ ಧರ್ಮಾಧ್ಯಕ್ಷರೊಬ್ಬರ ಹಕ್ಕಾಗಿದ್ದ ಗೀತೆ ಗುರುಗಳಿಗೆ, ಗುರುಗಳಿಂದ ಗಾಯಕರಿಗೆ, ಗಾಯಕರಿಂದ ಜನರಿಗೆ ಇಳಿದು ಬಂದಿದೆ. ಆದ್ದರಿಂದ ಧರ್ಮಕೇಂದ್ರವೊಂದರ ಗ್ಲೋರಿಯ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಅಳೆಯಬೇಕಾದದ್ದು ಗಾನವೃಂದದ ನೈಪುಣ್ಯದಿಂದಲ್ಲ, ಹಿಂದಿನ ಬೆಂಚಿನವರೂ ಅದನ್ನು ಕೊನೆಯವರೆಗೆ ಹಾಡಬಲ್ಲರೇ ಎಂಬುದರಿಂದ.